ಫಿನ್ ಬಾಕ್ಸ್ ಬಿರುಕು ಬಿಟ್ಟಿದೆ, ಎಂ-ಸೀಲ್ ತುಂಬಿದರೆ ಸಾಕಾ?

ಪ್ರಶ್ನೆ: ಸರ್, ನನ್ನದು ಕುಮಟಾ, ಕೆಲಸ ಪಣಜಿಯಲ್ಲಿ. ರಜೆಯ ದಿನ ಮಿರಾಮಾರ್, ದೋನಾ ಪಾವ್ಲಾ ಕಡೆ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಓಡಿಸುವುದು) ಮಾಡುತ್ತೇನೆ. ಊರಿಗೆ ವಾಪಸ್ ಹೊರಟಿದ್ದ ಜರ್ಮನಿಯವರೊಬ್ಬರಿಂದ 130 ಲೀಟರ್ ಗಾತ್ರದ ಹಳೇ ಫ್ರೀರೈಡ್ ಬೋರ್ಡ್ (ಸ್ಪರ್ಧೆಗಲ್ಲ, ಸುಮ್ನೆ ಓಡಿಸಲು) ಕೊಂಡುಕೊಂಡೆ. ತಳದ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ನಿಲ್ಲುವ ಫಿನ್ 44 ಸೆಂ.ಮೀ., ಅದು ಕೂರುವ ಗೂಡು, ಅಂದರೆ ಫಿನ್ ಬಾಕ್ಸ್, ಪವರ್ ಬಾಕ್ಸ್ ಮಾದರಿಯದು. ಹೋದ ತಿಂಗಳು ಇಳಿತದ ಹೊತ್ತಿನಲ್ಲಿ ದಡಕ್ಕೆ ಬರುವಾಗ ಫಿನ್ ಮರಳ ದಿಬ್ಬಕ್ಕೆ ಬಡಿಯಿತು, ನಾನು ಮುಂದಕ್ಕೆ ಹಾರಿ ಬಿದ್ದೆ. ಫಿನ್‌ಗೆ ಏನೂ ಆಗಿಲ್ಲ. ಆದರೆ ಬಾಕ್ಸ್‌ನ ಹಿಂದಿನ ತುದಿಯಿಂದ ಬೆರಳುದ್ದದ ಬಿರುಕು ಬಿಟ್ಟಿದೆ. ಫಿನ್ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡುತ್ತದೆ. ಒಣಗಲು ಇಟ್ಟ ಮರುದಿನವೂ ಬಿರುಕಿನಲ್ಲಿ ನೀರು ಒಸರುತ್ತದೆ. ಒಬ್ಬರು ಎಂ-ಸೀಲ್ ತುಂಬಿ ಸಾಕು ಅಂದರು. ಫೈಬರ್ ದೋಣಿ ರಿಪೇರಿ ಮಾಡುವವರು "ತಂದು ಬಿಡಿ, ಅರ್ಧ ದಿನದ ಕೆಲಸ" ಅನ್ನುತ್ತಾರೆ. ಇನ್ನೊಬ್ಬರು ಬೋರ್ಡಿನ ಕಥೆ ಮುಗಿಯಿತು ಅಂದರು. ಮಳೆಗಾಲಕ್ಕೆ ಇನ್ನೂ ಒಂದೂವರೆ ತಿಂಗಳಿದೆ, ಗಾಳಿ ಚೆನ್ನಾಗಿದೆ. ಟೇಪ್ ಅಂಟಿಸಿಕೊಂಡು ಅಷ್ಟು ದಿನ ಓಡಿಸಬಹುದಾ? ಆಮೇಲೆ ನಾನೇ ರಿಪೇರಿ ಮಾಡಿಕೊಳ್ಳಬಹುದಾ?

ಉತ್ತರ: ಟೇಪ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ನೀವು ಈ ಭಾನುವಾರವೇ ನೀರಿಗಿಳಿಯುವ ಹಾಗೆ ಕಾಣುತ್ತಿದೆ. ಇಳಿಯಬೇಡಿ. ಬರೀ ಕೂದಲೆಳೆಯಷ್ಟು ಬಿರುಕಿದ್ದು, ಬಾಕ್ಸ್ ಗಟ್ಟಿಯಾಗಿದ್ದು, ನೀರು ಒಸರದಿದ್ದರೆ ಒಂದು ಮಧ್ಯಾಹ್ನಕ್ಕೆ ಟೇಪ್ ಅಂಟಿಸಿ ಹೋಗಿ ಬನ್ನಿ ಅಂತ ನಾನೇ ಹೇಳುತ್ತಿದ್ದೆ. ನಿಮ್ಮದು ಹಾಗಿಲ್ಲ. ಫಿನ್ ಆಡುತ್ತಿದೆ, ಒಳಗೆ ನೀರು ಹೋಗಿದೆ. ಓಡುತ್ತಿರುವಾಗ ಬಾಕ್ಸ್ ಕಿತ್ತು ಬಂದರೆ ಬೋರ್ಡ್ ಗಾಳಿಗೆ ಎದುರಾಗಿ ಒಂದು ಅಡಿಯೂ ಏರುವುದಿಲ್ಲ, ಹಿಂಬದಿ ಜಾರಿ ಜಾರಿ ಸುಮ್ನೆ ಗಾಳಿ ತಳ್ಳಿದ ಕಡೆ ಹೋಗುತ್ತದೆ. ಜುವಾರಿ ನದಿಯ ಬಾಯಲ್ಲಿ ಇಳಿತದ ನೀರು ಸಮುದ್ರದ ಕಡೆ ಎಳೆಯುತ್ತಿರುವಾಗ ಹೀಗಾದರೆ ಈಜಿ ಬರುವುದು ಸುಲಭವಿಲ್ಲ. ಈ ಒಂದೂವರೆ ತಿಂಗಳು ಯಾರದ್ದಾದರೂ ಬೋರ್ಡ್ ಬಾಡಿಗೆಗೆ ತೆಗೆದುಕೊಳ್ಳಿ.

ಇನ್ನು ಆ ಮೂವರ ಸಲಹೆ. ಮೂರೂ ಅರ್ಧರ್ಧ ಸರಿ, ಅದೇ ತೊಂದರೆ. ಬೋರ್ಡಿನ ಕಥೆ ಮುಗಿದಿಲ್ಲ. ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದ ಬಾಕ್ಸ್‌ಗಳು ರಿಪೇರಿಯಾಗಿ ವರ್ಷಗಟ್ಟಲೆ ಓಡಿವೆ. ಆದರೆ ಬಿರುಕು ಮುಚ್ಚುವುದನ್ನೇ ರಿಪೇರಿ ಅಂದುಕೊಂಡರೆ ಮಾತ್ರ ಬೋರ್ಡ್ ಖಂಡಿತ ಹಾಳಾಗುತ್ತದೆ. ಯಾಕೆ ಅಂತ ಅರ್ಥವಾಗಬೇಕಾದರೆ ಆ ಬಾಕ್ಸ್ ಎಷ್ಟು ಭಾರ ಹೊರುತ್ತದೆ ಅನ್ನುವುದು ಗೊತ್ತಿರಬೇಕು.

ನಿಮ್ಮ ಫಿನ್ 44 ಸೆಂ.ಮೀ. ಇದೆ. ಚೆನ್ನಾಗಿ ಗಾಳಿ ಹಿಡಿದು ಪ್ಲೇನಿಂಗ್ ಮಾಡುವಾಗ, ಅಂದರೆ ಬೋರ್ಡ್ ನೀರಿನ ಮೇಲೆ ಜಾರುತ್ತಾ ಓಡುವಾಗ, ಸೈಲ್ (ಹಾಯಿ) ನಿಮ್ಮನ್ನು ಅಡ್ಡಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯನ್ನು ತಡೆಯುವುದು ಮುಖ್ಯವಾಗಿ ಫಿನ್. ಅದರ ಮೇಲೆ ಸುಮಾರು 30 ಕೆ.ಜಿ. ಅಡ್ಡ ಒತ್ತಡ ಬೀಳುತ್ತದೆ ಅಂತಿಟ್ಟುಕೊಳ್ಳಿ. ಅದು ಬೀಳುವುದು ಫಿನ್‌ನ ನಡುವಿನಲ್ಲಿ, ಅಂದರೆ ಬುಡದಿಂದ 20 ಸೆಂ.ಮೀ. ದೂರದಲ್ಲಿ. ಬಾಕ್ಸ್ ಒಳಗೆ ಫಿನ್‌ಗೆ ಹಿಡಿತ ಸಿಗುವುದು ನಾಲ್ಕೈದು ಸೆಂ.ಮೀ. ಆಳದಲ್ಲಿ ಮಾತ್ರ. ಸನ್ನೆಗೋಲಿನ ಲೆಕ್ಕ ಹಾಕಿ: ಬಾಕ್ಸ್‌ನ ಗೋಡೆಗೆ ಬೀಳುವ ಒತ್ತಡ 30 ಅಲ್ಲ, 120ರಿಂದ 150 ಕೆ.ಜಿ. ಅದೂ ಒಮ್ಮೆ ಈ ಕಡೆ, ಜೈಬ್ ಮಾಡಿ ದಿಕ್ಕು ತಿರುಗಿಸಿದ ಮೇಲೆ ಆ ಕಡೆ. ಇದು ಒರಟು ಲೆಕ್ಕ, ಆದರೆ ವಿಷಯ ಗೊತ್ತಾಯಿತಲ್ಲ.

ಪವರ್ ಬಾಕ್ಸ್‌ನಲ್ಲಿ ಮೇಲಿನಿಂದ ಒಂದೇ ಬೋಲ್ಟ್. ಫಿನ್‌ನ ಬುಡದಲ್ಲಿ ಅಡ್ಡಲಾಗಿ ಕೂತ ದುಂಡು ನಟ್ಟಿಗೆ ಅದು ಕಚ್ಚುತ್ತದೆ. ಫಿನ್ ಆಡದ ಹಾಗೆ ಹಿಡಿಯುವುದು ಆ ಬೋಲ್ಟ್ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಬುಡದ ಹಿಂದು ಮುಂದಿನ ಇಳಿಜಾರು ಬಾಕ್ಸ್‌ನ ಇಳಿಜಾರಿಗೆ ಬಿಗಿಯಾಗಿ ಕೂರುತ್ತದಲ್ಲ, ಹಿಡಿತ ಇರುವುದು ಅಲ್ಲಿ. ಬೋಲ್ಟಿನ ಕೆಲಸ ಫಿನ್ ಅನ್ನು ಮೇಲಕ್ಕೆ ಎಳೆದು ಕೂರಿಸುವುದು ಅಷ್ಟೆ. ಗುದ್ದಲಿಯ ಕಾವು ನೋಡಿ, ಬಿಗಿ ಇರುವ ತನಕ ಕಲ್ಲಿಗೆ ಬಡಿದರೂ ಏನಾಗುವುದಿಲ್ಲ, ಒಂದು ಚೂರು ಸಡಿಲಾಯಿತೋ ಪ್ರತಿ ಏಟಿಗೂ ಕಣ್ಣು ಅಗಲವಾಗುತ್ತಾ ಹೋಗುತ್ತದೆ. ಫಿನ್ ಆಡುತ್ತಿದೆ ಅಂತ ಬೋಲ್ಟನ್ನು ಇನ್ನೂ ತಿರುಗಿಸುವವರಿದ್ದಾರೆ. ಬೋಲ್ಟ್ ಡೆಕ್ಕನ್ನು, ಅಂದರೆ ಕಾಲಿಡುವ ಮೇಲ್ಭಾಗವನ್ನು, ಕೆಳಕ್ಕೆ ಜಗ್ಗುತ್ತದೆ, ವಾಷರ್ ಕೆಳಗಿನ ಪದರ ಒಡೆಯುತ್ತದೆ, ಈಗ ನೀರು ಹೋಗಲು ಎರಡನೇ ದಾರಿ. ಡೆಕ್ ಮೇಲಿನ ಬೋಲ್ಟ್ ತೂತಿನ ಸುತ್ತ ಉಗುರಿನಿಂದ ಗೀರಿ ನೋಡಿ, ಅಲ್ಲೂ ಬಿರುಕಿದ್ದರೆ ನನಗೆ ಆಶ್ಚರ್ಯವಿಲ್ಲ.

ಟಟ್ಲ್ ಮತ್ತು ಡೀಪ್ ಟಟ್ಲ್ ಅನ್ನುವ ಬೇರೆ ಮಾದರಿಯ ಬಾಕ್ಸ್‌ಗಳಿಗೆ ಎರಡು ಬೋಲ್ಟ್ ಇರುತ್ತವೆ, ಡೀಪ್ ಟಟ್ಲ್ ಇನ್ನೂ ಆಳಕ್ಕೆ ಕೂರುತ್ತದೆ, ಅದಕ್ಕೇ ದೊಡ್ಡ ಫಿನ್‌ಗಳಿಗೆ ಅದು. ಫಾಯಿಲ್ (ಫಿನ್ ಬದಲು ಹಾಕುವ, ಬೋರ್ಡನ್ನು ನೀರಿನಿಂದ ಮೇಲಕ್ಕೆತ್ತುವ ರೆಕ್ಕೆ) ಕೂಡ ಹೆಚ್ಚಾಗಿ ಅದೇ ಆಕಾರದ ಬಾಕ್ಸ್‌ಗೆ ಹೋಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಪೂರ್ತಿ ಫಾಯಿಲ್ ಆದ ಮೇಲೆ ಎಲ್ಲರಿಗೂ ಫಾಯಿಲ್ ಹುಚ್ಚು ಹತ್ತಿದೆ. ಹಳೇ ಬೋರ್ಡಿನ ಬಾಕ್ಸ್‌ಗೆ ಫಾಯಿಲ್ ಸಿಕ್ಕಿಸಿ ಒಡೆದುಕೊಂಡವರೂ ಇದ್ದಾರೆ. ನೀವು ಆ ದಾರಿಗೆ ಹೋಗಬೇಡಿ.

ಈಗ ಬೋರ್ಡಿನ ಒಳಗೇನಿದೆ ಅನ್ನುವುದು. ನಿಮ್ಮದರಂಥ ಹಳೇ ಫ್ರೀರೈಡ್ ಬೋರ್ಡ್ ಅಂದರೆ ಹೆಚ್ಚುಕಮ್ಮಿ ಖಚಿತವಾಗಿ ಹೀಗಿರುತ್ತದೆ: ಹೊಟ್ಟೆಯ ತುಂಬ ಥರ್ಮೋಕೋಲ್, ಟಿವಿ ಪೆಟ್ಟಿಗೆಯಲ್ಲಿ ಬರುವ ಅದೇ ಇಪಿಎಸ್. ಅದರ ಮೇಲೆ ಗಾಜಿನ ಬಟ್ಟೆ, ತೆಳ್ಳಗಿನ ಗಟ್ಟಿ ಪಿವಿಸಿ ಫೋಮ್, ಮತ್ತೆ ಗಾಜಿನ ಬಟ್ಟೆ ಇಲ್ಲವೇ ಕಾರ್ಬನ್, ಎಲ್ಲ ಎಪಾಕ್ಸಿಯಲ್ಲಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಅಂಟಿಸಿದ್ದು. ಈ ಹೊರ ಪದರಕ್ಕೆ ಚರ್ಮ ಅನ್ನುತ್ತೇನೆ. ಫಿನ್ ಬಾಕ್ಸ್ ಅನ್ನೋದು ಅಚ್ಚು ಹೊಯ್ದ ಪ್ಲಾಸ್ಟಿಕ್ ತುಂಡು. ಅದನ್ನು ನೇರವಾಗಿ ಥರ್ಮೋಕೋಲಿಗೆ ಕೂರಿಸಿದರೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಅದಕ್ಕೇ ಸುತ್ತ ಗಟ್ಟಿ ಫೋಮಿನ ಕಟ್ಟೆ ಇಟ್ಟು, ಕೆಳಗಿನ ಚರ್ಮಕ್ಕೂ ಮೇಲಿನ ಡೆಕ್ಕಿಗೂ ಗಾಜಿನ ಬಟ್ಟೆಯಿಂದ ಕಟ್ಟಿರುತ್ತಾರೆ. ಒಟ್ಟಿನಲ್ಲಿ ಭಾರ ಬಾಕ್ಸ್‌ನಿಂದ ಕಟ್ಟೆಗೆ, ಕಟ್ಟೆಯಿಂದ ಚರ್ಮಕ್ಕೆ ಹಂಚಿ ಹೋಗಬೇಕು. ನಿಮ್ಮ ಬಿರುಕು ಹೇಳುತ್ತಿರುವುದು ಆ ಹಂಚಿಕೆ ಎಲ್ಲೋ ತಪ್ಪಿದೆ ಅಂತ.

ಎಲ್ಲಿ ಅನ್ನುವುದಕ್ಕೂ ಸುಳಿವಿದೆ. ಫಿನ್‌ನ ತುದಿ ಮರಳಿಗೆ ಬಡಿದಾಗ ಅದು ಹಿಂದಕ್ಕೆ ಮಡಚಲು ನೋಡುತ್ತದೆ. ಆಗ ಬುಡದ ಹಿಂಭಾಗ ಬಾಕ್ಸ್‌ನ ಬಾಯಿಯ ಹಿಂದಿನ ಗೋಡೆಯನ್ನು ಒತ್ತುತ್ತದೆ, ಒಳಗಡೆ ಆಳದಲ್ಲಿ ಮುಂದಿನ ಗೋಡೆಯನ್ನು ಒತ್ತುತ್ತದೆ. ನಿಮಗೆ ಕಾಣುತ್ತಿರುವುದು ಹಿಂದಿನ ಬಿರುಕು. ಕಾಣದೇ ಇರುವುದು ಮುಂದಿನ ಗೋಡೆಯ ಮೇಲ್ಭಾಗ, ಡೆಕ್ ಕಡೆಯದ್ದು. ಫಿನ್ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಅಲ್ಲಿ ನೋಡಿ. ಫಿನ್‌ಗೆ ಏನೂ ಆಗಿಲ್ಲ ಅಂದಿರಲ್ಲ, ಅದು ಬಹುಶಃ ಜಿ10 ಫಿನ್. ಗಾಜಿನ ಪದರಗಳನ್ನು ಎಪಾಕ್ಸಿಯಲ್ಲಿ ಒತ್ತಿ ಮಾಡಿದ ಹಲಗೆಯಿಂದ ಕೊರೆದದ್ದು, ಸುಲಭಕ್ಕೆ ಮುರಿಯುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಫಿನ್ ಆಗಿದ್ದರೆ ಅದೇ ಮುರಿದು ಬಾಕ್ಸ್ ಉಳಿಯುತ್ತಿತ್ತೋ ಏನೋ.

ಈಗ ದೋಣಿ ರಿಪೇರಿಯವರ ವಿಷಯ. ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಬೋರ್ಡುಗಳು ಹಾಳಾಗುವುದು ಸಮುದ್ರಕ್ಕಿಂತ ಹೆಚ್ಚಾಗಿ ಇಲ್ಲಿ. ಅವರ ಕೈಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ. ಮಲ್ಪೆಯಿಂದ ಕಾರವಾರದ ತನಕ ಫೈಬರ್ ದೋಣಿಗಳನ್ನು ಅವರು ನಿಲ್ಲಿಸಿ ತೋರಿಸುತ್ತಾರೆ. ಆದರೆ ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್, ಜಿಪಿ ರೆಸಿನ್ ಅನ್ನುತ್ತಾರಲ್ಲ ಅದು, ಜೊತೆಗೆ ಕೋಬಾಲ್ಟ್ ಮತ್ತು ಹಾರ್ಡನರ್. ಆ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಸುಮ್ನೆ ಮೆತ್ತಗೆ ಮಾಡುವುದಲ್ಲ, ಕರಗಿಸಿ ಗುಂಡಿ ಮಾಡುತ್ತದೆ. ಬಿರುಕಿಗೆ ಹೊಯ್ದ ರೆಸಿನ್ ಒಳಗೆ ಇಳಿಯುತ್ತದೆ, ಥರ್ಮೋಕೋಲ್ ಮಾಯವಾಗುತ್ತದೆ, ಇನ್ನೂ ಒಳಗೆ ಇಳಿಯುತ್ತದೆ, ಅವರು "ಎಷ್ಟು ಕುಡಿಯುತ್ತದಪ್ಪ ಇದು" ಅಂತ ಇನ್ನೂ ಹೊಯ್ಯುತ್ತಾರೆ. ಮೇಲೆ ನೋಡಿದರೆ ನುಣ್ಣಗೆ, ಬಣ್ಣ ಹಚ್ಚಿದರೆ ಗೊತ್ತೇ ಆಗುವುದಿಲ್ಲ. ಒಳಗೆ ಮುಷ್ಟಿಯಷ್ಟು ಟೊಳ್ಳು. ನಂಬಿಕೆ ಬರದಿದ್ದರೆ ಒಂದು ಥರ್ಮೋಕೋಲ್ ತುಂಡಿನ ಮೇಲೆ ಅವರದ್ದೇ ರೆಸಿನ್ ಎರಡು ಹನಿ ಹಾಕಿ ನೋಡಿ, ಅವರ ಎದುರಿಗೇ ಮಾಡಿ. ಬೇರೆ ಮಾತು ಬೇಕಾಗುವುದಿಲ್ಲ. ಕೈ ತೊಳೆಯುವ, ಮೇಲ್ಮೈ ಒರೆಸುವ ಅಸಿಟೋನ್ ಕೂಡ ಹಾಗೇ. ಗಟ್ಟಿ ಚರ್ಮದ ಮೇಲೆ ಒರೆಸಿದರೆ ಪರವಾಗಿಲ್ಲ, ತೆರೆದ ಥರ್ಮೋಕೋಲಿಗೆ ತಾಗಬಾರದು. ಇನ್ನೊಂದು, ಮೂಲ ಚರ್ಮ ಎಪಾಕ್ಸಿಯದ್ದು, ಅದರ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದೂ ಇಲ್ಲ.

ಹಾಗಂತ ಅವರನ್ನು ಬಿಟ್ಟುಬಿಡಬೇಕಿಲ್ಲ. ಎಪಾಕ್ಸಿ ನೀವೇ ತಂದುಕೊಟ್ಟು, ಪಕ್ಕದಲ್ಲಿ ನಿಂತು ಮಾಡಿಸಿದರೆ ನಿಮಗಿಂತ ಅವರ ಕೈ ಚೆನ್ನಾಗಿ ಓಡುತ್ತದೆ. ಆದರೆ ಅವರ ಮ್ಯಾಟ್ ಬೇಡ ಅನ್ನಿ. ಆ ಚೂರು ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸ್ಟೈರೀನಿಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಬಿಡುವುದಿಲ್ಲ, ಮ್ಯಾಟ್ ಸರಿಯಾಗಿ ನೆನೆಯುವುದಿಲ್ಲ. ನೇಯ್ದ ಗಾಜಿನ ಬಟ್ಟೆ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಆಸುಪಾಸಿನದ್ದು, ಅದನ್ನೇ ಬಳಸಬೇಕು. ಮುಲ್ಕಿ ಕಡೆ ಸರ್ಫ್‌ಬೋರ್ಡ್ ರಿಪೇರಿ ಮಾಡುವ ಹುಡುಗರನ್ನೂ ಕೇಳಿ ನೋಡಿ. ಸರ್ಫಿಂಗ್‌ನಲ್ಲಿ ಇಪಿಎಸ್ ಬೋರ್ಡೂ ಪಿಯು (ಪಾಲಿಯುರೆಥೇನ್ ಫೋಮ್) ಬೋರ್ಡೂ ಎರಡೂ ಇರುವುದರಿಂದ ಯಾವುದಕ್ಕೆ ಯಾವ ರೆಸಿನ್ ಅನ್ನುವುದು ಆ ಕೆಲಸದವರಿಗೆ ಗೊತ್ತಿರುತ್ತದೆ.

ಎಂ-ಸೀಲ್? ಮನೆಯ ಪೈಪಿಗೆ ಒಳ್ಳೆಯದು, ನಮ್ಮನೆಯಲ್ಲೂ ಇದೆ. ಅದು ಎಪಾಕ್ಸಿ ಜಾತಿಯದ್ದೇ, ಥರ್ಮೋಕೋಲನ್ನು ಕರಗಿಸುವುದಿಲ್ಲ. ಆದರೆ ಅದರಲ್ಲಿ ನಾರಿಲ್ಲ. ಬಿರುಕಿನ ಬಾಯಿಗೆ ಬಿರಡೆ ಆಗುತ್ತದೆಯೇ ಹೊರತು ಈ ಕಡೆಯ ಚರ್ಮವನ್ನು ಆ ಕಡೆಯ ಚರ್ಮಕ್ಕೆ ಕಟ್ಟುವುದಿಲ್ಲ. ಮೊದಲ ಜೋರು ಗಾಳಿಗೆ ಬದಿಯಲ್ಲಿ ಕೂದಲೆಳೆ ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು, ಒಳಗಿದ್ದ ನೀರನ್ನು ಒಳಗೇ ಮುಚ್ಚಿಡುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟುಗಳೂ ಅಷ್ಟೆ, ನೀರಿನಲ್ಲಿ ನೆನೆಯುವ ಮತ್ತು ಭಾರ ಹೊರುವ ಜಾಗಕ್ಕೆ ಅವು ಬೇಡ. ರೆಸಿನ್ ಜಾಸ್ತಿ ಹಾಕಿದಷ್ಟು ಗಟ್ಟಿ ಅನ್ನುವ ನಂಬಿಕೆಯೂ ಬಿಡಿ. ಬರೀ ರೆಸಿನ್ ಗಡುಸು ಹೌದು, ಆದರೆ ಪೆಡಸು. ಬಲ ಬರುವುದು ಗಾಜಿನ ಎಳೆಯಿಂದ.

ಕೆಲಸ ಶುರುಮಾಡುವ ಮುಂಚೆ ಒಂದು ಪರೀಕ್ಷೆ, ಇದರ ಮೇಲೆ ಎಲ್ಲ ನಿಂತಿದೆ. ಫಿನ್ ಹಾಕಿ, ಬೋಲ್ಟ್ ಎಂದಿನಷ್ಟೇ ಬಿಗಿ ಮಾಡಿ. ಬೋರ್ಡ್ ಮಗುಚಿ ಹಾಕಿ. ಫಿನ್‌ನ ಬುಡದಿಂದ ಬಾಕ್ಸ್‌ನ ಅಂಚು ದಾಟಿ ಬೋರ್ಡಿನ ಚರ್ಮದ ತನಕ ಅಡ್ಡಲಾಗಿ ಒಂದು ಪೆನ್ಸಿಲ್ ಗೆರೆ ಎಳೆಯಿರಿ. ಈಗ ಫಿನ್‌ನ ತುದಿ ಹಿಡಿದು ಎಡಕ್ಕೆ ಬಲಕ್ಕೆ ನಿಧಾನ ಒತ್ತಿ, ಗೆರೆ ಎಲ್ಲಿ ಮುರಿಯುತ್ತದೆ ನೋಡಿ. ಫಿನ್‌ಗೂ ಬಾಕ್ಸ್‌ಗೂ ನಡುವೆ ಮುರಿದರೆ ಫಿನ್ ಮಾತ್ರ ಸಡಿಲ, ಅದು ಬಚಾವ್ ಆದ ಹಾಗೆ. ಬುಡಕ್ಕೆ ಒಂದೆರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿದರೂ ಬಿಗಿಯಾಗುತ್ತದೆ. ಬಾಕ್ಸ್‌ಗೂ ಚರ್ಮಕ್ಕೂ ನಡುವೆ ಮುರಿದರೆ ಬಾಕ್ಸ್ ಕಟ್ಟೆಯಿಂದ ಬಿಟ್ಟಿದೆ. ಬೆರಳಲ್ಲಿ ಸುತ್ತ ಒತ್ತಿ, ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಬಿಟ್ಟ ಜಾಗದಲ್ಲಿ ಮಂಕು ಸದ್ದು. ಆ ಮಂಕು ಸದ್ದಿನ ಗಡಿಯನ್ನು ಪೆನ್ಸಿಲ್ಲಿನಲ್ಲೇ ಗುರುತು ಮಾಡಿ. ಬಿರುಕು ಬೆರಳುದ್ದ ಇದ್ದರೂ ಈ ಗಡಿ ಅಂಗೈ ಅಗಲ ಇರುವುದು ಮಾಮೂಲು.

ಆಮೇಲೆ ತೂಕ. ಸೂಟ್‌ಕೇಸ್ ತೂಗುವ ಕೈ ತಕ್ಕಡಿ ಸಾಕು. ಫಿನ್, ಫುಟ್‌ಸ್ಟ್ರಾಪ್ (ಕಾಲು ಸಿಕ್ಕಿಸುವ ಪಟ್ಟಿ) ಬಿಚ್ಚಿ ತೂಗಿ. 130 ಲೀಟರಿನ ಈ ಥರದ ಬೋರ್ಡ್ ಎಂಟೊಂಬತ್ತು ಕೆ.ಜಿ. ಇರಬೇಕು. ಅದಕ್ಕಿಂತ ಒಂದು ಕೆ.ಜಿ. ಜಾಸ್ತಿ ತೋರಿಸಿದರೆ ಒಂದು ಲೀಟರ್ ನೀರು ಒಳಗಿದೆ ಅಂತಲೇ ಹಿಡಿಯಿರಿ, ಹಿಂದೆ ಯಾರಾದರೂ ದೊಡ್ಡ ರಿಪೇರಿ ಮಾಡಿಸಿಲ್ಲವಾದರೆ.

ಅಷ್ಟು ನೀರು ಬೆರಳುದ್ದದ ಬಿರುಕಿನಲ್ಲಿ ಹೇಗೆ ಹೋಯಿತು? ಬೋರ್ಡೇ ಹೀರಿಕೊಂಡಿತು. ಮರಳ ಮೇಲೆ ಬಿಸಿಲಲ್ಲಿ ಬಿದ್ದ ಬೋರ್ಡಿನ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ತಂಪು ನೀರಿಗೆ ಇಳಿಸಿದ ಕೂಡಲೇ ಕುಗ್ಗುತ್ತದೆ, ಬಿರುಕಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ. ಹೀಗೆ ಹೋದ ನೀರು ಥರ್ಮೋಕೋಲಿನ ಮಣಿಗಳ ನಡುವಿನ ಸಂದಿಯಲ್ಲಿ ಕೂರುತ್ತದೆ, ಅಲ್ಲಾಡಿಸಿದರೆ ಸದ್ದು ಬರುವುದಿಲ್ಲ, ಮಗುಚಿದರೆ ಸುರಿಯುವುದೂ ಇಲ್ಲ.

ಹಾಗಾಗಿ ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ, ಅಂಟಿಸುವುದು ಸಣ್ಣದು. ರಿಪೇರಿ ಆದ ಮೇಲೂ ಮತ್ತೆ ಬಿಟ್ಟುಕೊಂಡು ನನ್ನ ಹತ್ತಿರ ಬರುವ ಬೋರ್ಡುಗಳಲ್ಲಿ ಹೆಚ್ಚಿನವು ಒದ್ದೆ ಫೋಮಿನ ಮೇಲೆ ಅಂಟಿಸಿದವು. ಬಿಸಿಲಿಗೆ ಇಟ್ಟು ಬೇಗ ಒಣಗಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ವೆಂಟ್ ಪ್ಲಗ್ (ಒಳಗಿನ ಗಾಳಿ ಹೊರಬಿಡಲು ಇರುವ ಸಣ್ಣ ತಿರುಪು) ಮುಚ್ಚಿದ ಬೋರ್ಡ್ 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಶೇ. 10ರಷ್ಟು ಏರುತ್ತದೆ. ಕೇಳಲು ಕಡಿಮೆ, ಆದರೆ ಒಂದೊಂದು ಚದರ ಅಡಿ ಚರ್ಮದ ಮೇಲೆ ಅದು 90 ಕೆ.ಜಿ.ಗೂ ಮೇಲೆ. ಚರ್ಮ ಫೋಮಿನಿಂದ ಬಿಟ್ಟು ಗುಳ್ಳೆ ಏಳುತ್ತದೆ. ವೆಂಟ್ ತೆಗೆದಿದ್ದರೂ ಕಪ್ಪು ಬೋರ್ಡ್ ಏಪ್ರಿಲ್ ಬಿಸಿಲಲ್ಲಿ ಥರ್ಮೋಕೋಲ್ ಮೆತ್ತಗಾಗುವ ಬಿಸಿಯ ಹತ್ತಿರ ಹೋಗುತ್ತದೆ. ಹೇರ್ ಡ್ರೈಯರ್, ಹೀಟ್ ಗನ್ ಕೂಡ ಬೇಡ.

ವೆಂಟ್ ಪ್ಲಗ್ ತೆಗೆಯಿರಿ. ಬಿರುಕನ್ನು ಹೇಗೂ ಕೊರೆದು ತೆಗೆಯಬೇಕಾಗಿರುವುದರಿಂದ ಅದರ ಬಾಯಿ ಈಗಲೇ ಅಗಲ ಮಾಡಿ. ಬಾಕ್ಸ್ ಕೆಳಕ್ಕೆ ಬರುವ ಹಾಗೆ ನಿಲ್ಲಿಸಿ, ನೆರಳಲ್ಲಿ ಫ್ಯಾನ್ ಹಾಕಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತು ಎರಡು ವಾರ ಹಾಗೇ ಇದ್ದರೆ ಒಣಗಿತು ಅಂತ ಅರ್ಥ. ಕೆಲವಕ್ಕೆ ಮೂರು ವಾರ, ಕೆಲವಕ್ಕೆ ಎರಡು ತಿಂಗಳು. ಜೂನ್ ಬಂದರೆ ಕೊಂಕಣದ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬೋರ್ಡ್ ಎಲ್ಲಿ. ಅದಕ್ಕೇ ಈಗಿನಿಂದಲೇ ಶುರುಮಾಡಿ ಅನ್ನುವುದು. ಮಳೆ ಹಿಡಿದ ಮೇಲೂ ಮುಗಿಯದಿದ್ದರೆ ಎಸಿ ರೂಮಿನಲ್ಲಿ ಮಂಚದ ಪಕ್ಕ ನಿಲ್ಲಿಸಿ, ಎಸಿ ಗಾಳಿಯ ತೇವ ತೆಗೆಯುತ್ತದೆ. ಮನೆಯವರ ಜೊತೆ ಮಾತುಕತೆ ನಿಮಗೆ ಬಿಟ್ಟದ್ದು. ಕಂಪ್ರೆಸರ್ ತಂದು ವೆಂಟ್ ಮೂಲಕ ಗಾಳಿ ಊದಿಸುವ ಕೆಲಸ ಮಾತ್ರ ಮಾಡಬೇಡಿ, ಒಂದೇ ಸಲಕ್ಕೆ ಡೆಕ್ ಎದ್ದು ಬರುತ್ತದೆ. ಸೋರುವ ಜಾಗ ಹುಡುಕಬೇಕಾದರೆ ಸೋಪಿನ ನೀರು ಸವರಿ, ವೆಂಟಿಗೆ ಬಾಯಿಂದ ಮೆಲ್ಲಗೆ ಊದಿದರೆ ಸಾಕು, ಗುಳ್ಳೆ ಬರುತ್ತದೆ.

ಒಣಗಿದ ಮೇಲೆ ಯಾವ ರಿಪೇರಿ ಅನ್ನುವುದು ಆ ಪೆನ್ಸಿಲ್ ಗೆರೆಯ ಮೇಲೆ. ಬಾಕ್ಸ್ ಗಟ್ಟಿಯಾಗಿದ್ದು ಚರ್ಮ ಮಾತ್ರ ಒಡೆದಿದ್ದರೆ ಇದು ನೀವೇ ಮಾಡಬಹುದಾದ ಕೆಲಸ. ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕೊರೆದು ಸಡಿಲ ಚೂರೆಲ್ಲ ತೆಗೆಯಿರಿ. ಸುತ್ತ ನಾಲ್ಕೈದು ಸೆಂ.ಮೀ. ಬಣ್ಣ ಉಜ್ಜಿ ಗಾಜಿನ ಎಳೆ ಕಾಣುವ ತನಕ ಹೋಗಿ. 80 ನಂಬರಿನ ಸ್ಯಾಂಡ್‌ಪೇಪರ್ ಸರಿ. ಎಪಾಕ್ಸಿಗೆ ಗಾಜಿನ ಬಟ್ಟೆಯನ್ನೇ ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಹಾಕಿ, ಹರಿಯದ ಹಾಗೆ ಸ್ವಲ್ಪ ಏರೋಸಿಲ್ ಪುಡಿ (ರೆಸಿನ್ ಮಂದ ಮಾಡುವಂಥದ್ದು) ಬೆರೆಸಿ ತುಂಬಿ. ಅದರ ಮೇಲೆ ಮೂರು ಪದರ ಬಟ್ಟೆ, ಒಂದಕ್ಕಿಂತ ಒಂದು ದೊಡ್ಡದು. ಬಾಕ್ಸ್‌ನ ಅಂಚಿನ ಮೇಲೂ ಹೋಗಬೇಕು, ಪ್ಲಾಸ್ಟಿಕ್ಕನ್ನು ಚೆನ್ನಾಗಿ ಒರಟು ಮಾಡಿಕೊಳ್ಳಿ. ನುಣುಪು ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಿಡಿಯುವುದಿಲ್ಲ.

ಎಪಾಕ್ಸಿ ನಮ್ಮಲ್ಲಿ ಸುಲಭವಾಗಿ ಸಿಗುವುದು ಲ್ಯಾಪಾಕ್ಸ್ ಎಲ್-12, ಕೆ-6 ಹಾರ್ಡನರ್ ಜೊತೆ. 100 ಗ್ರಾಂಗೆ 10 ಗ್ರಾಂ, ತೂಕದ ಲೆಕ್ಕ. ಅಂದಾಜಿಗೆ ಹಾಕಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ಪಾಲಿಯೆಸ್ಟರ್ ಮಾಡುವವರ ಅಭ್ಯಾಸ. ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಕೊನೆಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್, ಉಜ್ಜುವಾಗ ಎನ್95 ಮಾಸ್ಕ್. ಹಾರ್ಡನರ್‌ಗೆ ಒಮ್ಮೆ ಚರ್ಮ ಅಲರ್ಜಿ ಹಿಡಿದರೆ ಜೀವಮಾನ ಬಿಡುವುದಿಲ್ಲ, ಈ ಕಾರಣಕ್ಕೆ ವೃತ್ತಿಯನ್ನೇ ಬಿಟ್ಟವರು ಇದ್ದಾರೆ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಕೂರುತ್ತದೆ. ಮುಂದಿನ ಪದರಕ್ಕೆ ಮುಂಚೆ ಬರೀ ನೀರಲ್ಲಿ ತೊಳೆದು, ಒಣಗಿಸಿ, ಉಜ್ಜಿ. ಆ ಪೊರೆಯ ಮೇಲೇ ಅಂಟಿಸಿದ್ದು ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಬಾಕ್ಸ್ ಸ್ವಲ್ಪ ಆಡುತ್ತಿದೆ, ಆದರೆ ಬಾಕ್ಸ್‌ನ ಒಳಗೋಡೆ ಸರಿ ಇದೆ ಅಂದರೆ ನಡುವಿನ ದಾರಿ ಒಂದಿದೆ. ಬಾಕ್ಸ್ ಸುತ್ತ ಬೆರಳಗಲ ಚರ್ಮ ತೆಗೆದು, ಬಿಟ್ಟುಹೋದ ಫೋಮನ್ನು ಗಟ್ಟಿ ನೆಲೆ ಸಿಗುವ ತನಕ ಕೊರೆದು, ಆ ಕಾಲುವೆಗೆ ನಾರು ಬೆರೆಸಿದ ಎಪಾಕ್ಸಿ ತುಂಬಿ, ಮೇಲೆ ಬಟ್ಟೆ ಹೊದಿಸುವುದು. ನಿಮ್ಮ ವಿವರಣೆ ನೋಡಿದರೆ ನಿಮ್ಮದು ಇಲ್ಲಿಗೆ ಬಂದು ನಿಲ್ಲುತ್ತದೆ ಅಂತ ನನ್ನ ಅಂದಾಜು. ಇದರಲ್ಲಿ ಒಂದು ಅಪಾಯವಿದೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ತೆಳು ಪದರದಲ್ಲಿ ಗೊತ್ತಾಗುವುದಿಲ್ಲ, ಒಂದೇ ಸಲ ಬಟ್ಟಲುಗಟ್ಟಲೆ ಹೊಯ್ದರೆ ಹೊಗೆ ಬರುವಷ್ಟು ಬಿಸಿ, ಪಕ್ಕದ ಥರ್ಮೋಕೋಲ್ ಕುಗ್ಗಿಹೋಗುತ್ತದೆ. ಪಾಲಿಯೆಸ್ಟರ್ ಬೇಡ ಅಂತ ಬೈದು ಎಪಾಕ್ಸಿಯಿಂದಲೇ ಅದೇ ಗುಂಡಿ ಮಾಡಿದ ಹಾಗಾಗುತ್ತದೆ. ಒಂದು ಸೆಂ.ಮೀ.ಗಿಂತ ದಪ್ಪ ಒಂದೇ ಸಲ ಬೇಡ. ಒಂದು ಪದರ ತಣ್ಣಗಾದ ಮೇಲೆ ಇನ್ನೊಂದು. ತುಂಬುವಾಗ ಫಿನ್ ಬಾಕ್ಸ್‌ನಲ್ಲೇ ಇರಲಿ, ಇಲ್ಲದಿದ್ದರೆ ಗೋಡೆ ಒಳಕ್ಕೆ ಬಾಗಿ ಆಮೇಲೆ ಫಿನ್ ಹೋಗುವುದಿಲ್ಲ. ಫಿನ್‌ನ ಬುಡಕ್ಕೆ ಪ್ಯಾಕಿಂಗ್ ಟೇಪ್ ಸುತ್ತಿ, ಮೇಲೆ ಮೇಣ ಸವರಿ. ಮರೆತರೆ ಆ ಫಿನ್ ಆ ಬೋರ್ಡಿನ ಶಾಶ್ವತ ಅಂಗ.

ಬಾಕ್ಸ್‌ನ ಗೋಡೆಯೇ ಸೀಳಿದ್ದರೆ, ಮುಂದಿನ ಗೋಡೆ ನೋಡಿ ಅಂದೆನಲ್ಲ, ಆಗ ಬಾಕ್ಸ್ ಬದಲಾಯಿಸುವುದೊಂದೇ. ಇದನ್ನು ಮೊದಲ ಸಲ ಮಾಡುವವರು ತಮ್ಮ ಬೋರ್ಡಿನ ಮೇಲೆ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಮರಗೆಲಸದ ರೌಟರ್ ಯಂತ್ರದಲ್ಲಿ ಹಳೇ ಬಾಕ್ಸ್ ಕೊರೆದು, ಕಂದು ಬಣ್ಣಕ್ಕೆ ತಿರುಗಿದ ಫೋಮೆಲ್ಲ ತೆಗೆದು, ಹೊಸ ಬಾಕ್ಸ್‌ಗೆ ಗಾಜಿನ ಬಟ್ಟೆ ಸುತ್ತಿ ಗಟ್ಟಿ ಫೋಮಿನ ಕಟ್ಟೆಯಲ್ಲಿ ಕೂರಿಸಿ, ಡೆಕ್ ತನಕ ಬೋಲ್ಟಿನ ದಾರಿ ಗಟ್ಟಿ ಮಾಡಬೇಕು. ಕಷ್ಟ ಇರುವುದು ನೇರ ಕೂರಿಸುವುದರಲ್ಲಿ. ಹಳೇ ಬಾಕ್ಸ್ ತೆಗೆಯುವ ಮೊದಲೇ ಮೂತಿಯಿಂದ ಬಾಲದ ತನಕ ದಾರ ಕಟ್ಟಿ ನಡುಗೆರೆ ಎಳೆದುಕೊಳ್ಳಬೇಕು. ಫಿನ್ ತಳಕ್ಕೆ 90 ಡಿಗ್ರಿ ನಿಂತಿದೆಯಾ ಅಂತ ಮೂಲೆಮಟ್ಟ ಇಟ್ಟು ನೋಡಬೇಕು. ಬಾಕ್ಸ್‌ನ ಹತ್ತಿರ ಒಂದು ಮಿ.ಮೀ. ವಾಲಿದ್ದು ಫಿನ್‌ನ ತುದಿಯಲ್ಲಿ ಒಂದು ಸೆಂ.ಮೀ. ಆಗುತ್ತದೆ. ಆಮೇಲೆ ಒಂದು ದಿಕ್ಕಿಗೆ ಚೆನ್ನಾಗಿ ಓಡುವ ಬೋರ್ಡ್ ಇನ್ನೊಂದು ದಿಕ್ಕಿಗೆ ಸ್ಪಿನ್‌ಔಟ್ ಹೊಡೆಯುತ್ತದೆ, ಅಂದರೆ ಫಿನ್ ಹಿಡಿತ ತಪ್ಪಿ ಹಿಂಬದಿ ಜಾರುತ್ತದೆ, ಸವಾರನಿಗೆ ತನ್ನದೇ ಕಾಲಿನ ತಪ್ಪು ಅನ್ನಿಸುತ್ತಿರುತ್ತದೆ. ಬಾಕ್ಸ್ ಅನ್ನು ಹೊರಗಿನಿಂದಲೇ ತರಿಸಬೇಕು. ಯುರೋಪಿನಿಂದ ಬರುವ ಗೆಳೆಯರ ಚೀಲಕ್ಕೆ ಹಾಕಿಸಿ, ಕೊರಿಯರ್ ಖರ್ಚು ಬಾಕ್ಸ್‌ಗಿಂತ ಜಾಸ್ತಿ ಆಗಬಹುದು. ಅದು ಸಿಗಲಿಲ್ಲ ಅಂತ ಸರ್ಫ್ ಅಂಗಡಿಯಲ್ಲಿ ಸಿಗುವ ಯುಎಸ್ ಬಾಕ್ಸ್ ಕೂರಿಸಲು ಒಪ್ಪಬೇಡಿ. ಅದು ಅಲೆಯಲ್ಲಿ ಆಡುವ ಬೋರ್ಡುಗಳ ಗಿಡ್ಡ ಫಿನ್‌ಗೆ. 44 ಸೆಂ.ಮೀ. ಫಿನ್‌ನ ಸನ್ನೆಗೋಲು ಅದು ತಡೆಯುವುದಿಲ್ಲ.

ಬೋರ್ಡನ್ನು ಬಿಟ್ಟುಬಿಡುವುದೂ ಒಂದು ಆಯ್ಕೆಯೇ. ಒಂದೂವರೆ ಎರಡು ತಿಂಗಳು ಒಣಗಿಸಿದ ಮೇಲೂ ತೂಕ ಎರಡು ಕೆ.ಜಿ. ಜಾಸ್ತಿ ಇದ್ದರೆ, ಡೆಕ್‌ನಲ್ಲಿ ಹಿಮ್ಮಡಿ ಇಡುವ ಜಾಗವೂ ಮೆತ್ತಗಿದ್ದರೆ, ಬಾಕ್ಸ್‌ಗೆ ಹಣ ಹಾಕಬೇಡಿ. ಬಿರುಕನ್ನು ಎಪಾಕ್ಸಿಯಲ್ಲಿ ಮುಚ್ಚಿ, ಗಿಡ್ಡ ಫಿನ್ ಹಾಕಿ, ಮೆಲ್ಲನೆ ಗಾಳಿಯಲ್ಲಿ ಹೊಸಬರಿಗೆ ಕಲಿಸಲು ಇಟ್ಟುಕೊಳ್ಳಿ.

ಮತ್ತೆ ಒಡೆಯದಿರಲು ಎರಡು ಮಾತು. ಫಿನ್ ಅನ್ನು ಪ್ರತಿ ಸಲ ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ. ತಿಂಗಳುಗಟ್ಟಲೆ ಬಿಟ್ಟರೆ ಉಪ್ಪು ಕಚ್ಚಿಕೊಳ್ಳುತ್ತದೆ, ಆಗ ಜನ ಅಡ್ಡಕ್ಕೆ ಹೊಡೆದು ಬಿಡಿಸುತ್ತಾರೆ, ಬಾಕ್ಸ್ ಗೋಡೆ ಹೀಗೂ ಸೀಳುತ್ತದೆ. ಬೋಲ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ರಬ್ಬರ್ ಸುತ್ತಿಗೆಯಲ್ಲಿ ನೇರ ಕೆಳಕ್ಕೆ ತಟ್ಟಿ, ಬಂದುಬಿಡುತ್ತದೆ. ಬೋಲ್ಟ್ ಉಪ್ಪುನೀರು ತಡೆಯುವ ಎಸ್‌ಎಸ್ 316 ಸ್ಟೀಲಿನದ್ದಿರಲಿ. ಇನ್ನು ಮಿರಾಮಾರ್‌ನಂಥ ಇಳಿಜಾರು ಕಡಿಮೆ ಇರುವ ದಡಕ್ಕೆ ಹಿಂದಕ್ಕೆ ವಾಲಿದ ವೀಡ್ ಫಿನ್ ಒಂದು ಇಟ್ಟುಕೊಳ್ಳಿ. ಗಿಡ್ಡ ಇರುತ್ತದೆ, ಮರಳಿಗೆ ತಾಗಿದರೂ ಜಾರಿಕೊಂಡು ಹೋಗುತ್ತದೆ. ಗಾಳಿಗೆದುರು ಏರುವಾಗ ಸ್ವಲ್ಪ ಹಿಂದೆ ಬೀಳುತ್ತೀರಿ, ಅಷ್ಟೆ.

ಕೊನೆಯ ಪದರ ಹಾಕಿದ ಮೇಲೆ ಉಜ್ಜಲು 24 ಗಂಟೆ ಸಾಕು, ನೀರಿಗೆ ಇಳಿಸಲು ಏಳು ದಿನ ಕಾಯಿರಿ. ಮೊದಲ ದಿನ ಸಣ್ಣ ಸೈಲ್, ಮೆಲ್ಲನೆ ಗಾಳಿ, ದಡದ ಹತ್ತಿರ ಅರ್ಧ ಗಂಟೆ. ಬಂದು ತೂಗಿ, ಬಾಕ್ಸ್ ಸುತ್ತ ಟಿಶ್ಯೂ ಕಾಗದ ಒತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದು ತೂಕವೂ ಮೊದಲಿನಷ್ಟೇ ಇದ್ದರೆ 44ರ ಫಿನ್ ಹಾಕಿಕೊಂಡು ಹೋಗಿ. ಫೆಬ್ರವರಿಯ ಹೊತ್ತಿಗೆ ಮಧ್ಯಾಹ್ನದ ಗಾಳಿ ಮತ್ತೆ ಎದ್ದಿರುತ್ತದೆ.